ಬಿಸಿಲೂರಿನ ಕಾರಿಗೂ ಹೀಟರ್ ಬೇಕು: ಹಳೇ ಗಾಡಿಯ ಹೀಟರ್ ಕಾಯಿಲ್ ಬದಲಿಸುವುದು ಹೇಗೆ?

ದಾವಣಗೆರೆಯಲ್ಲಿ ಕಾರಿನ ಹೀಟರ್ ಸರಿ ಮಾಡಿಸಬೇಕು ಅಂತ ಗ್ಯಾರೇಜಿಗೆ ಹೋದರೆ ಮೊದಲು ಬರುವ ಮಾತು ಒಂದೇ. "ಈ ಬಿಸಿಲಿಗೆ ಹೀಟರ್ ಯಾಕ್ರಿ ಸಾರ್? ಎರಡೂ ಪೈಪ್ ಸೇರಿಸಿ ಬಿಡ್ತೀನಿ, ಆರಾಮ್ ಓಡಾಡ್ರಿ." ಚಿತ್ರದುರ್ಗದಲ್ಲೂ ಇದೇ ಮಾತು. ಹಾಗೆ ಹೇಳುವವರ ಮೇಲೆ ಬೇಸರ ಬೇಡ. ಗಿರಾಕಿಗೆ ಖರ್ಚು ಉಳಿಯಲಿ ಅಂತಲೇ ಹೇಳುತ್ತಾರೆ. ಆದರೂ ನಾನು ಅದನ್ನು ಒಪ್ಪುವುದಿಲ್ಲ. ನಮ್ಮಂಥ ಬಿಸಿಲೂರಿನ ಹಳೇ ಕಾರಿಗೆ ಸರಿಯಾದ ಹೀಟರ್ ಕಾಯಿಲ್ ಬೇಕೇ ಬೇಕು.

ಹೀಟರ್ ಕಾಯಿಲ್ ಅಂದರೆ ಡ್ಯಾಶ್‌ಬೋರ್ಡ್ ಹಿಂದೆ ಕೂತಿರುವ ಒಂದು ಪುಟ್ಟ ರೇಡಿಯೇಟರ್. ಇಂಜಿನ್‌ನಿಂದ ಬಿಸಿ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಒಂದು ಪೈಪಿನಲ್ಲಿ ಬಂದು, ಇದರೊಳಗೆ ಸುತ್ತಿ, ಇನ್ನೊಂದು ಪೈಪಿನಲ್ಲಿ ವಾಪಸ್ ಹೋಗುತ್ತದೆ. ಬ್ಲೋವರ್ ಗಾಳಿ ಇದರ ಮೂಲಕ ಹಾದು ಬಿಸಿಯಾಗಿ ಒಳಗೆ ಬರುತ್ತದೆ. ಎಷ್ಟೋ ಗಾಡಿಗಳಲ್ಲಿ ಹೀಟರ್ ಹಾಕದಿದ್ದರೂ ಕೂಲೆಂಟ್ ಅಲ್ಲಿ ಸುತ್ತುತ್ತಲೇ ಇರುತ್ತದೆ. ಹಾಗಾಗಿ ನೀವು ವರ್ಷಗಟ್ಟಲೆ ಹೀಟರ್ ಮುಟ್ಟದೇ ಇದ್ದರೂ ಅದು ತೂತಾಗಬಹುದು. ತೂತಾದರೆ ಕೂಲೆಂಟ್ ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಹೊರಗೆ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಆಮೇಲೆ ಒಂದು ದಿನ ಹಿರಿಯೂರು ದಾಟಿ ಹೆದ್ದಾರಿಯಲ್ಲಿ ಹೋಗುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋದರೆ ಆಗುವ ಖರ್ಚಿನ ಮುಂದೆ ಈ ಕಾಯಿಲ್ ಖರ್ಚು ಏನೂ ಅಲ್ಲ.

ಇನ್ನೊಂದು ಮಾತು. ಬೇಸಿಗೆಯಲ್ಲಿ ಇಂಜಿನ್ ಕಾಯಲು ಶುರುವಾದಾಗ ಕೈಗೆ ಸಿಗುವ ಮೊದಲ ಉಪಾಯವೇ ಹೀಟರ್. ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಟ್ಟರೆ ಇಂಜಿನ್‌ನ ಬಿಸಿ ಒಂದಿಷ್ಟು ಒಳಗೆ ಬಂದು ಬಿಡುತ್ತದೆ. ಕೂತವರಿಗೆ ಬೆವರಿಳಿಯುತ್ತದೆ, ಆದರೆ ಗಾಡಿಯನ್ನು ಪಕ್ಕಕ್ಕೆ ತರುವ ತನಕ ಇಂಜಿನ್ ಉಳಿಯುತ್ತದೆ. ಮುಳ್ಳು ಕೆಂಪು ಗೆರೆ ಮುಟ್ಟಿದ್ದರೆ ಮಾತ್ರ ಅಲ್ಲೇ ನಿಲ್ಲಿಸಿ. ಮಳೆಗಾಲದಲ್ಲಿ ಹೊನ್ನಾಳಿ ದಾರಿಯಲ್ಲಿ ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ಆಗುಂಬೆಯ 14 ತಿರುವಿನ ಘಾಟಿ ಇಳಿಯುವವರಿಗೆ ಮುಂದಿನ ಗಾಜಿನ ಮಂಜು ಒರೆಸುವುದಕ್ಕೂ ಇದೇ ಬೇಕು. ಎಸಿ ಇಲ್ಲದ ಹಳೇ ಗಾಡಿಯಾದರೆ ಬೇರೆ ದಾರಿಯೇ ಇಲ್ಲ.

ಮೊದಲು ರೋಗ ಯಾವುದು ನೋಡಿ

ಡ್ಯಾಶ್‌ಬೋರ್ಡ್ ಬಿಚ್ಚುವುದು ದೊಡ್ಡ ಕೆಲಸ. ಸುಮ್ನೆ ಅನುಮಾನದ ಮೇಲೆ ಬಿಚ್ಚಬೇಡಿ. ಮುಂದಿನ ಎಡಗಡೆ ಸೀಟಿನ ಕಾಲಡಿ ಮ್ಯಾಟ್ ಎತ್ತಿ, ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಒದ್ದೆ ಇದ್ದರೆ ಬಿಳಿ ಬಟ್ಟೆ ಅಥವಾ ಟಿಶ್ಯೂ ಒತ್ತಿ ತೆಗೆಯಿರಿ. ಹಸಿರು, ಕೆಂಪು ಅಥವಾ ನೀಲಿ ಬಣ್ಣ, ಬೆರಳಿಗೆ ಜಿಡ್ಡು, ಸಿಹಿಯಾದ ವಾಸನೆ ಇದ್ದರೆ ಅದು ಕೂಲೆಂಟ್. ಮೂಸಿ ನೋಡಿ ಸಾಕು, ನಾಲಿಗೆಗೆ ಮುಟ್ಟಿಸಬೇಡಿ, ಅದು ವಿಷ.

ನೀರು ತಿಳಿಯಾಗಿದ್ದು, ವಾಸನೆ ಇಲ್ಲದೆ, ಎಸಿ ಹಾಕಿದ ದಿನ ಮಾತ್ರ ಬರುತ್ತಿದ್ದರೆ ಕಾಯಿಲ್ ಮೇಲೆ ತಪ್ಪು ಹೊರಿಸಬೇಡಿ. ಅದು ಎಸಿಯ ನೀರು. ಹೊರಗೆ ಹೋಗುವ ಸಣ್ಣ ಪೈಪಿನಲ್ಲಿ ಧೂಳು, ಎಲೆ ಸೇರಿ ಕಟ್ಟಿಕೊಂಡಿರುತ್ತದೆ. ಗಾಡಿ ಕೆಳಗಿನಿಂದ ಆ ಪೈಪ್ ಸ್ವಚ್ಛ ಮಾಡಿದರೆ ಮುಗಿಯಿತು. ನಮ್ಮ ಕಡೆ ಧೂಳು ಜಾಸ್ತಿ ಇರುವುದರಿಂದ ಈ ತೊಂದರೆಯೂ ಜಾಸ್ತಿ. ಮಳೆ ಬಂದಾಗ ಮಾತ್ರ ಒದ್ದೆಯಾಗುತ್ತಿದ್ದರೆ ಮುಂದಿನ ಗಾಜಿನ ರಬ್ಬರ್ ನೋಡಿ.

ಕಾಯಿಲ್ ಸೋರುವ ಗಾಡಿಯಲ್ಲಿ ಬ್ಲೋವರ್ ಹಾಕಿದ ಕೂಡಲೇ ಗಾಜಿನ ಒಳಗಡೆ ಮಂಜು ಕಟ್ಟುತ್ತದೆ. ಬಟ್ಟೆಯಿಂದ ಒರೆಸಿದರೂ ಜಿಡ್ಡಿನ ಪೊರೆ ಉಳಿಯುತ್ತದೆ. ಇದು ಖಚಿತವಾದ ಗುರುತು. ಸೋರಿಕೆ ಇಲ್ಲದೆ ಗಾಳಿ ಮಾತ್ರ ತಣ್ಣಗೆ ಬರುತ್ತಿದ್ದರೆ ಕಾಯಿಲ್ ಕಟ್ಟಿಕೊಂಡಿರಬಹುದು. ಇಂಜಿನ್ ಬಿಸಿಯಾದ ಮೇಲೆ ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಫೈರ್‌ವಾಲ್ (ಇಂಜಿನ್ ಮತ್ತು ಕೂರುವ ಜಾಗದ ನಡುವಿನ ತಗಡಿನ ಗೋಡೆ) ಹತ್ತಿರದ ಎರಡು ಹೋಸ್ ಪೈಪುಗಳನ್ನು ಹುಷಾರಾಗಿ ಮುಟ್ಟಿ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಒಳಗೆ ಹರಿವು ಇಲ್ಲ. ಆದರೆ ಹೀಟರ್ ವಾಲ್ವ್ (ಕಾಯಿಲ್‌ಗೆ ಹೋಗುವ ಕೂಲೆಂಟನ್ನು ಬಿಡುವ, ತಡೆಯುವ ಸಾಧನ) ಇರುವ ಗಾಡಿಯಲ್ಲಿ ಅದರ ಕೇಬಲ್ ಕಳಚಿದ್ದರೂ ಹೀಗೇ ಆಗುತ್ತದೆ. ಮೊದಲು ಅದನ್ನು ನೋಡಿ. ಬರೀ ಕಟ್ಟಿಕೊಂಡಿದ್ದರೆ ಎರಡೂ ಪೈಪ್ ಬಿಚ್ಚಿ, ಹಿಂದುಮುಂದಾಗಿ ಮೆಲ್ಲಗೆ ನೀರು ಬಿಟ್ಟು ತೊಳೆದರೆ ಕೆಲವು ಸಲ ಸರಿಹೋಗುತ್ತದೆ. ಕೆಲವು ಬೇಸ್ ಮಾಡೆಲ್ ಗಾಡಿಗಳಿಗೆ ಹೀಟರೇ ಇರುವುದಿಲ್ಲ. ಫೈರ್‌ವಾಲ್ ಒಳಗೆ ಹೋಗುವ ಎರಡು ರಬ್ಬರ್ ಹೋಸ್ ಕಾಣದಿದ್ದರೆ ಈ ಲೇಖನ ನಿಮ್ಮ ಗಾಡಿಗೆ ಅಲ್ಲ.

ಇನ್ನೂ ಅನುಮಾನ ಇದ್ದರೆ ರೇಡಿಯೇಟರ್ ಕೆಲಸದವರ ಹತ್ತಿರ ಪ್ರೆಶರ್ ಟೆಸ್ಟರ್ ಇರುತ್ತದೆ. ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ ಪಂಪ್ ಹೊಡೆಯುತ್ತಾರೆ. ಮುಚ್ಚಳದ ಮೇಲೆ 0.9 (ಬಾರ್ ಲೆಕ್ಕದಲ್ಲಿ) ಅಂತ ಇದ್ದರೆ ಅಷ್ಟೇ ಒತ್ತಡ ಕೊಡಬೇಕು, ಮೀರಬಾರದು. ಮುಳ್ಳು ಇಳಿಯುತ್ತಾ ಹೋಗಿ, ಹೊರಗೆಲ್ಲೂ ಹನಿ ಕಾಣದೆ, ಕಾಲಡಿ ಒದ್ದೆಯಾದರೆ ಮತ್ತೆ ಯೋಚನೆ ಬೇಡ.

ನಮ್ಮ ನೀರಿನ ವಿಷಯ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನಮ್ಮ ಕಡೆ ಕಾಯಿಲ್ ಹಾಳಾಗಲು ಬೋರ್ ನೀರೂ ಒಂದು ದೊಡ್ಡ ಕಾರಣ. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆ ಬೋರ್ ನೀರು ಎಷ್ಟು ಗಡಸು ಅನ್ನುವುದು ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ. ಅದೇ ಬಿಳಿ ಪದರ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಹೀಟರ್ ಕಾಯಿಲ್‌ನ ಕೊಳವೆಗಳು ತೀರಾ ಸಣ್ಣವು, ಅಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಜೊತೆಗೆ ಬರೀ ನೀರಿನಲ್ಲಿ ತುಕ್ಕು ತಡೆಯುವ ಗುಣ ಇಲ್ಲ. ಇಂಜಿನ್ ಬ್ಲಾಕಿನ ತುಕ್ಕು ಕೆಂಪು ಕೆಸರಾಗಿ ಬಂದು ಅಲ್ಲೇ ಕೂರುತ್ತದೆ. ದಾರಿಯಲ್ಲಿ ಯಾವುದೋ ಹೋಟೆಲ್ ನಲ್ಲಿಯ ನೀರು ತುಂಬಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಆಪತ್ತಿನಲ್ಲಿ ತಪ್ಪಲ್ಲ. ಆದರೆ ಊರು ಸೇರಿದ ಮೇಲೆ ಅದನ್ನು ಇಳಿಸಿ ಕೂಲೆಂಟ್ ಹಾಕಬೇಕು. ಹಾಗೇ ಬಿಟ್ಟರೆ ಹೊಸ ಕಾಯಿಲ್ ಹಾಕಿದ್ದೂ ದಂಡ.

ಏನೇನು ತರಬೇಕು

ಕಾಯಿಲ್ ತರುವಾಗ ಗಾಡಿಯ ಮಾಡೆಲ್, ಇಸವಿ, ಎಸಿ ಇದೆಯೋ ಇಲ್ಲವೋ ಮೂರನ್ನೂ ಹೇಳಿ. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷದಲ್ಲಿ ಬೇರೆ ಅಳತೆಯ ಕಾಯಿಲ್ ಬಂದಿರಬಹುದು. ಮಾರುತಿ 800 ಬಂದದ್ದು 1983ರ ಕೊನೆಗೆ, ತಯಾರಿಕೆ ನಿಂತದ್ದು 2014ರಲ್ಲಿ. ಅಷ್ಟು ವರ್ಷ ಓಡಿದ ಗಾಡಿಯ ಬಿಡಿಭಾಗ ಊರಲ್ಲೇ ಸಿಗುವ ಸಾಧ್ಯತೆ ಇದೆ. ಮೊದಲು ಪಿ.ಬಿ. ರಸ್ತೆಯ ಆಸುಪಾಸಿನ ಅಂಗಡಿಗಳಲ್ಲಿ ಕೇಳಿ. ಅಪರೂಪದ ಗಾಡಿಯಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಾಗಬಹುದು. ಗುಜರಿಯಿಂದ ಹಳೇ ಕಾಯಿಲ್ ಮಾತ್ರ ತರಬೇಡಿ. ಇಷ್ಟೆಲ್ಲಾ ಬಿಚ್ಚಿ ಇನ್ನೊಂದು ಹಳೇದನ್ನು ಒಳಗೆ ಕೂರಿಸುವುದರಲ್ಲಿ ಅರ್ಥವಿಲ್ಲ.

ಹಿತ್ತಾಳೆ, ತಾಮ್ರದ ಹಳೇ ಕಾಯಿಲ್ ಆಗಿದ್ದು, ಹೊಸದು ಎಲ್ಲೂ ಸಿಗದಿದ್ದರೆ ರೇಡಿಯೇಟರ್ ಕೆಲಸದವರು ಬೆಸುಗೆ ಹಾಕಿ ಕೊಡುತ್ತಾರೆ. ಒಳ್ಳೆಯ ಕೈಯಾದರೆ ಅದು ಬಾಳಿಕೆ ಬರುತ್ತದೆ. ಅಲ್ಯೂಮಿನಿಯಂ ಕಾಯಿಲ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಇರುವ ಜಾತಿಯದನ್ನು ರಿಪೇರಿ ಮಾಡಿಸಲು ಹೋಗಬೇಡಿ. ರೇಡಿಯೇಟರಿಗೆ ಸುರಿಯುವ ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣಗಳೂ ಬೇಡ. ತೂತು ಮುಚ್ಚುವುದರ ಜೊತೆಗೆ ಸಣ್ಣ ಕೊಳವೆಗಳನ್ನೂ ಮುಚ್ಚುವ ಅಪಾಯ ಇದೆ.

ಕಾಯಿಲ್ ಜೊತೆ ಹೀಟರಿನ ಎರಡೂ ಹೋಸ್, ನಾಲ್ಕು ಹೊಸ ಕ್ಲಿಪ್, ಫೈರ್‌ವಾಲ್‌ನ ರಬ್ಬರ್ ಬುಷ್, ಅಂಟಿಸುವ ಫೋಮ್ ಪಟ್ಟಿ ತನ್ನಿ. ಕೂಲೆಂಟ್ ಮತ್ತು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೇಕು. ಬ್ಯಾಟರಿ ಆಸಿಡ್ ಅಲ್ಲ, ಅಂಗಡಿಯಲ್ಲಿ ಸರಿಯಾಗಿ ಕೇಳಿ. ಮಾರುತಿ ಗಾಡಿಯಾದರೆ 8, 10, 12 ನಂಬರಿನ ಸಾಕೆಟ್‌ಗಳು ಹೆಚ್ಚಿನ ಕೆಲಸ ಮುಗಿಸುತ್ತವೆ. ಉದ್ದನೆಯ ಸ್ಟಾರ್ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಟಾರ್ಚ್ ಇರಲಿ. ಜೊತೆಗೆ ಒಬ್ಬರು ಇರಲೇಬೇಕು. ಡ್ಯಾಶ್‌ಬೋರ್ಡನ್ನು ಒಬ್ಬರೇ ಎತ್ತುವುದು ಆಗದ ಮಾತು.

ಒಂದು ವಾರಾಂತ್ಯ ಪೂರ್ತಿ ಇದಕ್ಕೇ ಇಡಿ. ಸಂಜೆ ಊರಿಗೆ ಹೋಗಬೇಕು ಅಂತ ಇಟ್ಟುಕೊಂಡರೆ ಅವಸರದಲ್ಲಿ ಪ್ಲಾಸ್ಟಿಕ್ ಮುರಿಯುತ್ತದೆ.

ಬಾನೆಟ್ ಕಡೆಯ ಕೆಲಸ

ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಹಿಂದಿನ ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಮುಟ್ಟುವುದು ಉತ್ತಮ. ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ. ಗಾಡಿಗೆ ಸ್ಟೀರಿಯೋ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ಆಮೇಲೆ ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ.

ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇದ್ದರೆ ಡ್ಯಾಶ್‌ಬೋರ್ಡ್ ಕೆಲಸವನ್ನು ಗೊತ್ತಿರುವ ಮೆಕ್ಯಾನಿಕ್‌ಗೆ ಬಿಡಿ. ಇದರಲ್ಲಿ ಧೈರ್ಯ ತೋರಿಸಬೇಡಿ.

ರೇಡಿಯೇಟರ್ ಕೆಳಗೆ ಅಗಲ ಬೋಗುಣಿ ಇಟ್ಟು ಡ್ರೇನ್ ಪ್ಲಗ್ ಸಡಿಲಿಸಿ. ಪ್ಲಗ್ ಹಿಡಿದುಬಿಟ್ಟಿದ್ದರೆ ಕೆಳಗಿನ ದೊಡ್ಡ ಹೋಸ್ ತೆಗೆದರೂ ಆಯಿತು. ಇಳಿಸಿದ ಕೂಲೆಂಟನ್ನು ಚರಂಡಿಗೆ, ಗಿಡದ ಬುಡಕ್ಕೆ ಚೆಲ್ಲಬೇಡಿ. ಸಿಹಿ ಇರುವುದರಿಂದ ಬೀದಿ ನಾಯಿ, ಬೆಕ್ಕು, ದನ ನೆಕ್ಕುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಹಳೇ ಕ್ಯಾನಿಗೆ ತುಂಬಿ, ಮುಚ್ಚಳ ಹಾಕಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಈಗ ಫೈರ್‌ವಾಲ್ ಹತ್ತಿರದ ಎರಡು ಹೋಸ್. ಯಾವುದು ಮೇಲೆ, ಯಾವುದು ಕೆಳಗೆ ಅಂತ ಟೇಪ್ ಅಂಟಿಸಿ ಗುರುತು ಮಾಡಿ. ಕ್ಲಿಪ್ ಸಡಿಲಿಸಿ, ಹೋಸನ್ನು ತಿರುಗಿಸುತ್ತಾ ಎಳೆಯಿರಿ. ಬರದಿದ್ದರೆ ಜಗ್ಗಬೇಡಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ, ಹೇಗೂ ಹೊಸ ಹೋಸ್ ತಂದಿದ್ದೀರಿ. ಬಿಚ್ಚಿದ ಮೇಲೆ ಒಂದು ತುದಿಗೆ ಕೈಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟರೆ ಕಾಯಿಲ್ ಒಳಗೆ ಉಳಿದ ಕೂಲೆಂಟ್ ಇನ್ನೊಂದು ತುದಿಯಿಂದ ಹೊರಗೆ ಬರುತ್ತದೆ. ಬಾಯಿಂದ ಊದಬೇಡಿ. ಇದನ್ನು ಮಾಡದಿದ್ದರೆ ಕಾಯಿಲ್ ತೆಗೆಯುವಾಗ ಅಷ್ಟೂ ಕಾರ್ಪೆಟ್ ಮೇಲೆ ಚೆಲ್ಲುತ್ತದೆ.

ಡ್ಯಾಶ್‌ಬೋರ್ಡ್

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಇದೇ. ಕಷ್ಟ ಅನ್ನುವುದಕ್ಕಿಂತ ತಾಳ್ಮೆಯ ಕೆಲಸ. ಕೆಲವು ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಮತ್ತು ನಡುವಿನ ಕನ್ಸೋಲ್ ತೆಗೆದರೆ ಕಾಯಿಲ್ ಪಕ್ಕದಿಂದ ಜಾರಿ ಬರುತ್ತದೆ. ಮೊದಲು ಅಷ್ಟು ತೆಗೆದು ಟಾರ್ಚ್ ಹಾಕಿ ನೋಡಿ. ಬರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಪೂರ್ತಿ ಡ್ಯಾಶ್‌ಬೋರ್ಡಿಗೆ ಕೈ ಹಾಕಿ.

ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಚ್ಚುವ ಮುಂಚೆ ಒಂದು, ಬಿಚ್ಚಿದ ಮೇಲೆ ಒಂದು. ಪ್ರತಿ ಜಾಗದ ಸ್ಕ್ರೂಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೆಸರು ಬರೆಯಿರಿ. ಉದ್ದ ಸ್ಕ್ರೂ ಹಾಕಬಾರದ ಕಡೆ ಹಾಕಿದರೆ ಹಿಂದಿನ ವೈರಿಗೆ ಚುಚ್ಚುತ್ತದೆ.

ಸ್ಟೀರಿಯೋ, ಆಶ್‌ಟ್ರೇ, ಹೀಟರ್ ಲಿವರ್‌ಗಳ ಗುಂಡಿಗಳು, ಮೀಟರ್ ಸುತ್ತಲಿನ ಪ್ಲಾಸ್ಟಿಕ್ ಇವು ಮೊದಲು. ಮೀಟರ್ ಹೊರಗೆ ಎಳೆಯುವ ಮುಂಚೆ ಹಿಂದಿನಿಂದ ಸ್ಪೀಡೋ ಕೇಬಲ್ ಕಳಚಿ. ಕಾರ್ಬುರೇಟರ್ ಗಾಡಿಯಾದರೆ ಚೋಕ್ ಕೇಬಲ್ ಡ್ಯಾಶ್‌ಬೋರ್ಡಿಗೇ ಸಿಕ್ಕಿಕೊಂಡಿರುತ್ತದೆ, ಅದನ್ನೂ ಬಿಡಿಸಿ. ವೈರ್ ಕಪ್ಲರ್‌ಗಳನ್ನು ಎಳೆಯುವಾಗ ವೈರ್ ಹಿಡಿದು ಜಗ್ಗಬೇಡಿ, ಕಪ್ಲರಿನ ನಾಲಿಗೆ ಒತ್ತಿ ಬಿಡಿಸಿ. ನಮ್ಮ ಬಿಸಿಲಿಗೆ ಹತ್ತಿಪ್ಪತ್ತು ವರ್ಷ ಒಣಗಿದ ಪ್ಲಾಸ್ಟಿಕ್ ಅದು, ಹಪ್ಪಳದ ಹಾಗೆ ಮುರಿಯುತ್ತದೆ.

ಸ್ಟೀರಿಂಗ್ ಕಂಬವನ್ನು ಡ್ಯಾಶ್‌ಬೋರ್ಡ್ ಕೆಳಗೆ ಹಿಡಿದಿರುವ ಬೋಲ್ಟ್‌ಗಳನ್ನು ತೆಗೆದರೆ ಅದು ಕೆಳಗೆ ಇಳಿಯುತ್ತದೆ. ಅಷ್ಟು ಸಾಕು. ಕೆಳಗಿನ ಜಾಯಿಂಟ್ ಮುಟ್ಟಬೇಡಿ. ಈ ಬೋಲ್ಟ್‌ಗಳ ಫೋಟೋ ಮರೆಯಬೇಡಿ, ವಾಪಸ್ ಬಿಗಿ ಮಾಡುವಾಗ ಎರಡೆರಡು ಸಲ ನೋಡಬೇಕಾದವು ಇವೇ.

ಡ್ಯಾಶ್‌ಬೋರ್ಡ್ ಎರಡೂ ಬದಿಯಲ್ಲಿ, ನಡುವೆ, ಗಾಜಿನ ಅಂಚಿನಲ್ಲಿ ಬೋಲ್ಟ್‌ಗಳಿಂದ ಕೂತಿರುತ್ತದೆ. ಕೆಲವನ್ನು ಸಣ್ಣ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಅಡಗಿಸಿರುತ್ತಾರೆ. ಎಲ್ಲಾ ತೆಗೆದರೂ ಅಲುಗದಿದ್ದರೆ ಎಲ್ಲೋ ಒಂದು ಉಳಿದಿದೆ ಅಂತ ಅರ್ಥ. ಬಲ ಹಾಕದೆ ಹುಡುಕಿ. ಆಮೇಲೆ ಇಬ್ಬರೂ ಸೇರಿ ನಿಧಾನವಾಗಿ ಹಿಂದಕ್ಕೆ ಎಳೆದು, ವೈರ್ ಉಳಿದಿದೆಯೇ ನೋಡಿ, ಹೊರಗೆ ತನ್ನಿ.

ಹೀಟರ್ ಪೆಟ್ಟಿಗೆ

ಹೀಟರ್ ಪೆಟ್ಟಿಗೆಗೆ ಬರುವ ಕೇಬಲ್‌ಗಳು ಎಲ್ಲಿ ಕ್ಲಿಪ್ ಆಗಿವೆ ಅಂತ ಮಾರ್ಕರ್‌ನಿಂದ ಗೆರೆ ಎಳೆದು ಬಿಚ್ಚಿ. ಎಸಿ ಇರುವ ಅನೇಕ ಹಳೇ ಗಾಡಿಗಳಲ್ಲಿ ಬ್ಲೋವರ್ ಎಡಕ್ಕೆ, ಹೀಟರ್ ನಡುವೆ, ಇವೆರಡರ ಮಧ್ಯೆ ಎಸಿಯ ಕೂಲಿಂಗ್ ಕಾಯಿಲ್ ಪೆಟ್ಟಿಗೆ ಇರುತ್ತದೆ. ಅದರ ಬೋಲ್ಟ್ ಸಡಿಲಿಸಿ ಸ್ವಲ್ಪ ಸರಿಸಿದರೆ ಹೀಟರ್ ಪೆಟ್ಟಿಗೆಗೆ ಜಾಗ ಸಿಗಬಹುದು. ಸಿಗದಿದ್ದರೆ ಎಸಿ ಪೈಪಿಗೆ ಪಾನಾ ಹಾಕಬೇಡಿ. ಒಳಗಿನ ಗ್ಯಾಸ್ ಒತ್ತಡದಲ್ಲಿರುತ್ತದೆ, ಕೈಗೆ ಕಣ್ಣಿಗೆ ತಾಗಿದರೆ ಚರ್ಮ ಹೆಪ್ಪುಗಟ್ಟಿ ಗಾಯವಾಗುತ್ತದೆ. ಎಸಿ ಮೆಕ್ಯಾನಿಕ್ ಮಷೀನ್ ಹಾಕಿ ಗ್ಯಾಸ್ ತೆಗೆದ ಮೇಲೇ ಮುಂದಿನ ಕೆಲಸ.

ಪೆಟ್ಟಿಗೆ ಕೆಳಗೆ ಹಳೇ ಬಟ್ಟೆ ಹಾಸಿ ಹೊರಗೆ ತೆಗೆಯಿರಿ. ಕ್ಲಿಪ್, ಸ್ಕ್ರೂ ಬಿಚ್ಚಿದರೆ ಎರಡು ಹೋಳಾಗುತ್ತದೆ, ಅಥವಾ ಕಾಯಿಲ್ ಪಕ್ಕಕ್ಕೆ ಜಾರುತ್ತದೆ. ಒಳಗಿನ ಧೂಳು, ಬೇವಿನ ಎಲೆ, ಇಲಿ ಗೂಡು ಎಲ್ಲಾ ತೆಗೆದು ತೊಳೆದು ಒಣಗಿಸಿ. ಬಾಗಿಲಿನಂಥ ಫ್ಲಾಪ್‌ಗಳು ಸರಾಗವಾಗಿ ತಿರುಗುತ್ತವೆಯೇ ನೋಡಿ. ಅವುಗಳ ಫೋಮ್ ಪುಡಿಯಾಗಿದ್ದರೆ ಹೊಸದು ಅಂಟಿಸಿ. ಫ್ಲಾಪ್ ಸರಿಯಾಗಿ ಮುಚ್ಚದಿದ್ದರೆ ಬೇಸಿಗೆಯಲ್ಲೂ ಬಿಸಿ ಗಾಳಿ ನುಸುಳುತ್ತದೆ, ಎಸಿ ತಣ್ಣಗಾಗುತ್ತಿಲ್ಲ ಅಂತ ಗ್ಯಾಸ್ ತುಂಬಿಸುತ್ತಾ ಕೂರುತ್ತೀರಿ.

ಹೊಸ ಕಾಯಿಲ್‌ನ್ನು ಹಾಗೇ ಕೂರಿಸಬೇಡಿ. ಒಂದು ತುದಿ ಮುಚ್ಚಿ, ಇನ್ನೊಂದರಿಂದ ಕೈಪಂಪಿನಲ್ಲಿ ಸ್ವಲ್ಪವೇ ಗಾಳಿ ಕೊಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಅಂಗಡಿಗೆ ವಾಪಸ್. ಈ ಐದು ನಿಮಿಷ ಉಳಿಸಲು ಹೋಗಿ ಮತ್ತೆ ಡ್ಯಾಶ್‌ಬೋರ್ಡ್ ಇಳಿಸುವುದು ಯಾರಿಗೂ ಬೇಡ, ಅಲ್ವಾ? ಹಳೇ ಕಾಯಿಲ್ ಪಕ್ಕ ಇಟ್ಟು ಉದ್ದ, ಅಗಲ, ಪೈಪಿನ ಬಾಗು ಹೋಲಿಸಿ. ಅಂಚಿಗೆ ಫೋಮ್ ಪಟ್ಟಿ ಸುತ್ತಿ ಒಳಗೆ ಜಾರಿಸಿ. ಫೋಮ್ ಇಲ್ಲದಿದ್ದರೆ ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳುತ್ತದೆ, ಹಳ್ಳ ಬಂದಾಗ ಗಡಗಡ ಸದ್ದೂ ಬರುತ್ತದೆ.

ಮುಚ್ಚುವ ಮುಂಚೆ ಪರೀಕ್ಷೆ

ಪೆಟ್ಟಿಗೆ ಕೂರಿಸಿ, ಹೊಸ ಬುಷ್, ಹೋಸ್, ಕ್ಲಿಪ್ ಹಾಕಿ. ಕ್ಲಿಪ್ಪನ್ನು ಹೋಸ್ ಕತ್ತರಿಸುವಷ್ಟು ಬಿಗಿಯಬೇಡಿ. ಡ್ಯಾಶ್‌ಬೋರ್ಡ್ ಇನ್ನೂ ಹೊರಗಿರುವಾಗಲೇ ಕೂಲೆಂಟ್ ತುಂಬಿ, ಪ್ರೆಶರ್ ಟೆಸ್ಟರ್ ಬಾಡಿಗೆಗೆ ತಂದಾದರೂ ಒಮ್ಮೆ ಹಾಕಿ ನೋಡಿ. ಕಾಲು ಗಂಟೆ ಮುಳ್ಳು ಅಲುಗದೆ ನಿಂತರೆ ಡ್ಯಾಶ್‌ಬೋರ್ಡ್ ವಾಪಸ್ ಏರಿಸಿ. ಬಿಚ್ಚಿದ ಕ್ರಮದ ಉಲ್ಟಾ ಹೋಗಿ, ಫೋಟೋ ನೋಡುತ್ತಾ. ಸ್ಟೀರಿಂಗ್ ಬೋಲ್ಟ್ ಬಿಗಿಯಾಗಿದೆಯೇ, ಆಕ್ಸಿಲೇಟರ್ ಮತ್ತು ಬ್ರೇಕ್ ಪೆಡಲಿಗೆ ಯಾವ ವೈರೂ ಅಡ್ಡ ಬರುತ್ತಿಲ್ಲವೇ ನೋಡಿ, ಆಮೇಲೆ ಬ್ಯಾಟರಿ ಕೊಡಿ.

ಕೂಲೆಂಟ್ ಎಷ್ಟು ಬೆರೆಸಬೇಕು? ಕಾನ್ಸಂಟ್ರೇಟ್ ಆದರೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ರೆಡಿಮಿಕ್ಸ್ ಆದರೆ ನೀರು ಬೇಡ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಹಾಗಾದರೆ ಕೂಲೆಂಟ್ ಯಾಕೆ ಅನ್ನುವವರು ಬಹಳ ಜನ. ಕೂಲೆಂಟ್ ಕುದಿಯುವ ಬಿಂದುವನ್ನು ಏರಿಸುತ್ತದೆ, ತುಕ್ಕು ತಡೆಯುತ್ತದೆ. ನಮಗೆ ಬೇಕಾದ್ದು ಅವೆರಡೇ.

ಗಾಳಿ ತೆಗೆಯುವುದು

ಒಳಗೆ ಗಾಳಿ ಉಳಿದರೆ ಹೊಸ ಕಾಯಿಲ್ ಇದ್ದೂ ಹೀಟರ್ ತಣ್ಣಗಿರುತ್ತದೆ, ಇಂಜಿನ್ ಮಾತ್ರ ಕಾಯುತ್ತದೆ. ಗಾಡಿಯ ಮೂತಿ ಸ್ವಲ್ಪ ಮೇಲಿರುವ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಸ್ಟಾರ್ಟ್ ಮಾಡಿ, ಐಡಲಿಂಗ್‌ನಲ್ಲಿ ಬಿಡಿ. ಗುಳ್ಳೆಗಳು ಬರುತ್ತವೆ, ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋಗಿ. ಹಲವು ಮಾರುತಿ ಗಾಡಿಗಳಲ್ಲಿ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಸುಮಾರು 82 ಡಿಗ್ರಿಗೆ ತೆರೆದುಕೊಳ್ಳುತ್ತದೆ. ಆಗ ಮಟ್ಟ ಇನ್ನೊಮ್ಮೆ ಕುಸಿಯಬಹುದು. ಮೇಲಿನ ದೊಡ್ಡ ಹೋಸ್ ಬಿಸಿಯಾಗಿ, ಗುಳ್ಳೆ ನಿಂತು, ಕಾಲಿಗೆ ಬಿಸಿ ಗಾಳಿ ಬಂದರೆ ಮುಚ್ಚಳ ಹಾಕಿ. ಕೂಲೆಂಟ್ ಉಕ್ಕಿ ಬರುವ ಹಾಗೆ ಕಂಡರೆ ಮುಚ್ಚಳದ ಹತ್ತಿರ ಹೋಗಬೇಡಿ. ಇಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಟ್ಟು ಮತ್ತೆ ಶುರು ಮಾಡಿ. ರೇಡಿಯೇಟರ್ ಫ್ಯಾನ್ ಒಮ್ಮೆ ತಾನಾಗಿ ತಿರುಗಿ ನಿಲ್ಲುವ ತನಕ ಮೀಟರ್ ಮೇಲೆ ಕಣ್ಣಿರಲಿ.

ಈ ನಡುವೆ ಒದ್ದೆಯಾದ ಕಾರ್ಪೆಟ್ ಮರೆಯಬೇಡಿ. ಕೂಲೆಂಟ್ ನೀರಿನ ಹಾಗೆ ಆರುವುದಿಲ್ಲ. ಸೀಟು ಬಿಚ್ಚಿ, ಕಾರ್ಪೆಟ್ ಮತ್ತು ಅದರ ಅಡಿಯ ದಪ್ಪ ಪದರ ಎರಡನ್ನೂ ತೆಗೆದು ಸೋಪಿನ ನೀರಿನಲ್ಲಿ ತೊಳೆಯಿರಿ. ಮಾಳಿಗೆ ಮೇಲೆ ಹಾಕಿದರೆ ನಮ್ಮ ಬಿಸಿಲು ಒಂದೆರಡು ದಿನದಲ್ಲಿ ಒಣಗಿಸಿ ಕೊಡುತ್ತದೆ. ಅಡಿಯ ತಗಡಿನಲ್ಲಿ ತುಕ್ಕು ಕಂಡರೆ ಉಜ್ಜಿ, ಪ್ರೈಮರ್ ಹೊಡೆದು ಮುಚ್ಚಿ. ಗಾಜಿನ ಒಳಗಿನ ಜಿಡ್ಡನ್ನೂ ಸೋಪಿನ ನೀರಿನಿಂದ ಒರೆಸಿ.

ಕಾಯಿಲ್ ಬರಲು ತಡವಾಗಿ, ಗಾಡಿ ಓಡಿಸಲೇಬೇಕಾದರೆ ಗ್ಯಾರೇಜಿನವರು ಹೇಳುವ ಬೈಪಾಸ್ ಮಾಡಿಸಬಹುದು. ಆದರೆ ಎರಡೂ ಬಾಯಿಗೆ ಬೋಲ್ಟ್ ತುರುಕಿ ಮುಚ್ಚಬೇಡಿ. ಕೆಲವು ಇಂಜಿನ್‌ಗಳಿಗೆ ಆ ದಾರಿಯ ಹರಿವು ಬೇಕು. ಇಂಜಿನ್ ಕಡೆಯ ಎರಡು ಬಾಯಿಗಳನ್ನು ಮಡಚಿಕೊಳ್ಳದ ಒಂದೇ ಹೋಸಿನಿಂದ ಸೇರಿಸಿ, ಕ್ಲಿಪ್ ಹಾಕಿ. ಇದು ಕೆಲವು ವಾರಗಳ ಮಾತು, ಮಳೆಗಾಲ ಬರುವ ಮುಂಚೆ ಕಾಯಿಲ್ ಹಾಕಿಸಿ.

ಕೆಲಸ ಮುಗಿದ ಮಾರನೇ ಬೆಳಿಗ್ಗೆ ತಣ್ಣನೆ ಇಂಜಿನ್‌ನಲ್ಲಿ ಕೂಲೆಂಟ್ ಮಟ್ಟ ನೋಡಿ. ಸ್ವಲ್ಪ ಇಳಿದಿರುವುದು ಸಹಜ, ತುಂಬಿಸಿ. ಮೊದಲ ವಾರ ಊರೊಳಗೇ ಓಡಿಸಿ, ದಿನಾ ಬಾನೆಟ್ ಎತ್ತಿ. ವಾರದ ಕೊನೆಗೆ ನಾಲ್ಕೂ ಕ್ಲಿಪ್‌ಗಳನ್ನು ಇನ್ನೊಂದು ಸುತ್ತು ನೋಡಿ ಬಿಗಿ ಮಾಡಿ, ಎಡಗಡೆ ಕಾಲಡಿ ಮತ್ತೆ ಟಿಶ್ಯೂ ಒತ್ತಿ. ಒಣಗಿದ್ದರೆ ಕಾರ್ಪೆಟ್ ವಾಪಸ್ ಹಾಕಿ.